ಹನ್ನೊಂದು ಹುಡುಗಿಯರ ಮಂಡಿ

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು, ನನಗೆ ಹತ್ತೇ ನಿಮಿಷ ಎಂದು ಆಗಲೇ ಎರಡು ಸಲ ಬೆರಳು ತೋರಿಸಿರುವ ಸ್ನೇಹಿತರಾದ ಶ್ರೀ ಮರುಳಸಿದ್ದಪ್ಪನವರೇ, ಮುಖ್ಯ ಅತಿಥಿಗಳಾದ ಮೂಳೆ ತಜ್ಞೆ ಡಾಕ್ಟರ್ ಕಾತ್ಯಾಯಿನಿಯವರೇ, ಈ ಮಹಿಳಾ ಫಿಸಿಯೋಥೆರಪಿ ಕೇಂದ್ರವನ್ನು ಮೂರು ವರ್ಷದಿಂದ ನಡೆಸುತ್ತಿರುವ, ವಯಸ್ಸಿನಲ್ಲಿ ನನ್ನ ಮೊಮ್ಮಗಳಂತಿದ್ದರೂ ನನ್ನನ್ನು ಗದರಿಸುವ ಹಕ್ಕು ಸಂಪಾದಿಸಿರುವ ಡಾಕ್ಟರ್ ಸಮನ್ವಿತಾ ಅವರೇ, ಚಿಕ್ಕಲಸಂದ್ರ, ಪದ್ಮನಾಭನಗರ, ಬನಶಂಕರಿ ಕಡೆಯಿಂದ ಬಂದಿರುವ ತಾಯಂದಿರೇ, ಅವರನ್ನು ಗಾಡಿಯಲ್ಲಿ ಬಿಡಲು ಬಂದು ಹಿಂದಿನ ಸಾಲಿನಲ್ಲಿ ಮೊಬೈಲು ಒತ್ತುತ್ತಾ ಕುಳಿತಿರುವ ಮಹನೀಯರೇ, ಒಟ್ಟಾರೆ ಸಭಿಕರೇ, ನಿಮ್ಮೆಲ್ಲರಿಗೂ ಈ ಮುದುಕನ ವಂದನೆಗಳು.

ನಾನು ಭಾಷಣಗಾರನಲ್ಲ. ಜಯನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಪಿ.ಟಿ. ಮೇಷ್ಟ್ರಿಗೆ ಮೈಕು ಬೇಕಾಗುವುದಿಲ್ಲ, ಕೊರಳಲ್ಲಿ ಒಂದು ಸೀಟಿ ಇದ್ದರೆ ಆಯಿತು. ಆದರೆ ಇವತ್ತು ಸೀಟಿ ತಂದಿಲ್ಲ. ಆದ್ದರಿಂದ ಈ ಮೈಕನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ.

ಕೇಂದ್ರದ ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನ ಎಂದು ಈಗಷ್ಟೇ ನಿರೂಪಕಿ ಅಭಿನಂದನಾ ಪತ್ರ ಓದಿದರು. ಬಹಳ ಚೆನ್ನಾಗಿ ಓದಿದರು. ಅದರಲ್ಲಿ ಒಂದು ವಾಕ್ಯ ಬಂತು. 'ಮೂವತ್ತೊಂದು ವರ್ಷ ಹೆಣ್ಣುಮಕ್ಕಳಿಗೆ ಖೋಖೋ ಕಲಿಸಿದರೂ ಒಬ್ಬ ವಿದ್ಯಾರ್ಥಿನಿಯ ಕೈಯನ್ನೂ ಮುಟ್ಟದ ಶಿಸ್ತಿನ ಗುರುಗಳು' ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಹಿಂದಿನ ಸಾಲಿನ ಮಹನೀಯರೂ ಮೊಬೈಲು ಕೆಳಗಿಟ್ಟು ತಟ್ಟಿದರು. ಆ ವಾಕ್ಯ ಬರೆದವರು ಯಾರು ಗೊತ್ತೇ? ನಾನೇ. ಎರಡು ಸಾವಿರದ ಹನ್ನೆರಡರಲ್ಲಿ ನನ್ನ ನಿವೃತ್ತಿಯ ಸಮಾರಂಭಕ್ಕೆ ಬಯೋಡೇಟಾ ಕೇಳಿದ್ದರು, ಹೆಮ್ಮೆಯಿಂದ ಬರೆದು ಕೊಟ್ಟಿದ್ದೆ. ಅದೇ ಹಾಳೆ ಈಗ ಇಲ್ಲಿಗೂ ಬಂದಿದೆ. ಅಧ್ಯಕ್ಷರಲ್ಲಿ ನನ್ನ ವಿನಂತಿ ಇಷ್ಟೇ. ಆ ಒಂದು ವಾಕ್ಯವನ್ನು ಪೆನ್ನಿನಲ್ಲಿ ಈಗಲೇ ಹೊಡೆದುಹಾಕಿ. ತಮಾಷೆ ಮಾಡುತ್ತಿಲ್ಲ ಸ್ವಾಮಿ. ಆ ವಾಕ್ಯ ಕೇಳಿದರೆ ಈಗ ನನಗೆ ಗಾಬರಿಯಾಗುತ್ತದೆ. ಯಾಕೆ ಎಂದು ಹೇಳುವುದಕ್ಕೇ ನಾನು ಎದ್ದು ನಿಂತಿದ್ದೇನೆ.

ಹತ್ತೊಂಬೈನೂರ ಎಂಬತ್ತೊಂದರಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ನಮ್ಮ ಹೆಡ್‌ಮಾಸ್ಟರು ಶಾಮಣ್ಣನವರು ನನ್ನನ್ನು ಕೋಣೆಗೆ ಕರೆದರು. ತೂಕದ ಮನುಷ್ಯ, ಮಾತು ಕಡಿಮೆ. "ಗಂಗಾಧರಯ್ಯ, ಹುಡುಗೀರ್ಗೂ ಆಟ ಕಲಿಸ್ಬೇಕು ಅಂತ ನನ್ನಾಸೆ. ತಾಯ್ತಂದೆಯರು ಹೆದರ್ತಾರೆ. ನಿಮ್ಮ ಕೈ ಯಾವಾಗ್ಲೂ ನಿಮ್ಮ ಬೆನ್ನ ಹಿಂದೆ ಇರ್ಲಿ" ಎಂದರು. ಅಷ್ಟೇ ಹೇಳಿದ್ದು. ನಾನು ಇಪ್ಪತ್ತೊಂಬತ್ತರ ಹುಡುಗ, ಹಿರಿಯರ ಮಾತನ್ನು ಅಕ್ಷರಶಃ ತೆಗೆದುಕೊಂಡೆ. ಮಾರನೆಯ ದಿನದಿಂದ ಮೈದಾನದಲ್ಲಿ ಎರಡೂ ಕೈ ಹಿಂದೆ ಕಟ್ಟಿಕೊಂಡೇ ನಿಂತೆ. ಹುಡುಗಿಯರ ಪಾಲಿಗೆ ನನ್ನ ಕೈ ಇರಲಿಲ್ಲ, ಬಾಯಿ ಮತ್ತು ಸೀಟಿ ಮಾತ್ರ ಇತ್ತು. ಮಕ್ಕಳು ನನಗೆ ಕೈಕಟ್ಟು ಮೇಷ್ಟ್ರು ಎಂದು ಹೆಸರಿಟ್ಟರು. ನನಗದು ಪದವಿ ಸಿಕ್ಕಂತೆ ಇತ್ತು. ಆ ನಂಬಿಕೆಯ ಮೇಲೆಯೇ ಜಯನಗರ, ಬಸವನಗುಡಿಯ ಸಂಪ್ರದಾಯಸ್ಥ ಮನೆಗಳವರೂ ಹೆಣ್ಣುಮಕ್ಕಳನ್ನು ಸಂಜೆ ಆರರ ತನಕ ಮೈದಾನದಲ್ಲಿ ಬಿಟ್ಟರು. ಅದನ್ನು ನಾನು ಇವತ್ತಿಗೂ ತಪ್ಪು ಎನ್ನುವುದಿಲ್ಲ.

ಖೋಖೋ ಆಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಂಗಳದ ಎರಡು ತುದಿಗೆ ಎರಡು ಕಂಬ ಇರುತ್ತವೆ. ಪೂರಾ ವೇಗದಲ್ಲಿ ಓಡಿಬಂದು, ಕಂಬಕ್ಕೆ ಕೈ ಕೊಟ್ಟು, ಒಂದೇ ಕಾಲ ಮೇಲೆ ಗಿರ್ರನೆ ತಿರುಗಬೇಕು. ಆ ತಿರುವಿನಲ್ಲಿ ಇಡೀ ದೇಹದ ಭಾರ ಒಂದು ಮಂಡಿಯ ಮೇಲೆ ಬೀಳುತ್ತದೆ. ನನ್ನ ಮೂವತ್ತೊಂದು ವರ್ಷದಲ್ಲಿ ಹಾಗೆ ತಿರುಗುವಾಗ ಅಥವಾ ಹಾರಿ ನೆಲಕ್ಕಿಳಿಯುವಾಗ ಮಂಡಿ ಹಿಡಿದುಕೊಂಡು ಕುಸಿದವರಲ್ಲಿ ಹುಡುಗರು ಐದು ಜನ, ಹುಡುಗಿಯರು ಹನ್ನೊಂದು ಜನ. ಹುಡುಗಿಯರ ತಂಡ ಚಿಕ್ಕದಿತ್ತು, ಬಿದ್ದವರು ಹೆಚ್ಚು. ಯಾಕೆ ಹೆಚ್ಚು ಎಂದು ನಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಹೆಣ್ಣುಮಕ್ಕಳು, ನಾಜೂಕು, ಎಂದುಕೊಂಡೆ.

ಹುಡುಗ ಬಿದ್ದರೆ ಏನು ಮಾಡುತ್ತಿದ್ದೆ? ಸೀನು ಎಂಬ ಹುಡುಗ ತೊಂಬತ್ತನಾಲ್ಕರಲ್ಲಿ ಬಿದ್ದ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ಬಂತು. ಊತ ಇಳಿಯುವ ತನಕ ಕಾದೆ. ಆಮೇಲೆ ನನ್ನ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಮರಳು ತುಂಬಿ, ಬಾಯಿ ಹೊಲಿದು ಅವನ ಪಾದಕ್ಕೆ ಕಟ್ಟಿ, ದಿನಕ್ಕೆ ಇನ್ನೂರು ಸಲ ಕಾಲು ಎತ್ತಿಸಿದೆ. ಮೈದಾನದ ಮೆಟ್ಟಿಲು ಹತ್ತಿಸಿದೆ, ಇಳಿಸಿದೆ. ಎಣ್ಣೆ ಹಚ್ಚಿ ತೊಡೆ ನೀವಿದೆ. ಆರು ತಿಂಗಳು ಬಿಡದೆ ಬೆನ್ನು ಹತ್ತಿದೆ. ಸೀನು ಮತ್ತೆ ಆಡಿದ, ರಾಜ್ಯ ತಂಡಕ್ಕೆ ಹೋದ, ಕ್ರೀಡಾ ಕೋಟಾದಲ್ಲಿ ರೈಲ್ವೆ ಸೇರಿದ. ಈಗಲೂ ಶಿಕ್ಷಕರ ದಿನಕ್ಕೆ ಮೈಸೂರು ಪಾಕು ಹಿಡಿದು ಮನೆಗೆ ಬರುತ್ತಾನೆ.

ಹುಡುಗಿ ಬಿದ್ದರೆ ಏನು ಮಾಡುತ್ತಿದ್ದೆ? ಸೀಟಿ ಊದುತ್ತಿದ್ದೆ. ಇಬ್ಬರು ಹುಡುಗಿಯರು ಅವಳನ್ನು ಎತ್ತಿ ಹೆಂಗಸರ ಸ್ಟಾಫ್ ರೂಮಿಗೆ ಒಯ್ಯುತ್ತಿದ್ದರು. ಎಕ್ಸ್‌ರೇ ತೆಗೆಸುತ್ತಿದ್ದೆವು, ಮೂಳೆ ಮುರಿದಿಲ್ಲ ಎಂದು ಬರುತ್ತಿತ್ತು. ತಂದೆಯನ್ನು ಕರೆಸಿ, ಮನೆಯಲ್ಲಿ ವಿಶ್ರಾಂತಿ ಕೊಡಿ ಎನ್ನುತ್ತಿದ್ದೆ. ಅವರು ಕೈಮುಗಿಯುತ್ತಿದ್ದರು. ವಾರ್ಷಿಕೋತ್ಸವದ ದಿನ ಆ ಹುಡುಗಿಯನ್ನು ವೇದಿಕೆಗೆ ಕರೆದು ವರ್ಷದ ಉತ್ತಮ ಆಟಗಾರ್ತಿ ಎಂದು ಕಪ್ ಕೊಡಿಸುತ್ತಿದ್ದೆ. ಇದು ನಾನೇ ಹುಟ್ಟುಹಾಕಿದ ಪದ್ಧತಿ. ಹನ್ನೊಂದು ಹುಡುಗಿಯರಿಗೆ ಹನ್ನೊಂದು ಕಪ್. ಕೊಡುವಾಗ ನನ್ನ ಕಣ್ಣು ತುಂಬಿ ಬರುತ್ತಿತ್ತು. ಎಂಥ ಕರುಣಾಳು ನಾನು ಎಂದು ನನಗೇ ಅನ್ನಿಸುತ್ತಿತ್ತು.

ಆ ಹನ್ನೊಂದರಲ್ಲಿ ಒಬ್ಬಳು ನನ್ನ ಮಗಳು ಸಂಗೀತಾ. ಅವಳೂ ಇವತ್ತು ಇಲ್ಲೇ ಸಭೆಯಲ್ಲಿದ್ದಾಳೆ. ಹೇಳಲಾ ಎಂದು ನಿನ್ನೆ ಕೇಳಿದೆ. "ಹೇಳು, ಆದ್ರೆ ನನ್ನನ್ನ ಸ್ಟೇಜ್ ಮೇಲೆ ಕರೀಬೇಡ" ಎಂದಳು. ಆದ್ದರಿಂದ ಯಾರೂ ಹಿಂದೆ ತಿರುಗಿ ಹುಡುಕಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತೊಂಬತ್ತೇಳನೆಯ ಇಸವಿ, ವಿಭಾಗ ಮಟ್ಟದ ಫೈನಲ್ಲು. ಸಂಗೀತಾ ಹತ್ತನೆಯ ತರಗತಿ. ಮೈದಾನದಲ್ಲಿ ಅವಳು ನನಗೆ ಮಗಳಲ್ಲ. ಎಲ್ಲರಂತೆ ಅವಳೂ ನನ್ನನ್ನು ಸಾರ್ ಎನ್ನಬೇಕು, ಅದು ನಾನು ಮಾಡಿದ ನಿಯಮ. ಕೊನೆಯ ಸರದಿಯಲ್ಲಿ ಕಂಬ ತಿರುಗುವಾಗ ಅವಳ ಎಡ ಮಂಡಿ ಲಟಕ್ಕೆಂದಿತು. ಆ ಸದ್ದು ನನಗೂ ಕೇಳಿಸಿತು. ಓಡಿ ಹೋದೆ. ಎರಡು ಹೆಜ್ಜೆ ದೂರದಲ್ಲಿ ನಿಂತೆ. ಬೇರೆ ಹುಡುಗಿಯರಿಗೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಮಗಳೆಂದು ಪಕ್ಷಪಾತ ಮಾಡಿದ ಎಂದು ನಾಳೆ ಯಾರೂ ಅನ್ನಬಾರದು ನೋಡಿ. ಬದಲಿ ಆಟಗಾರ್ತಿ ಒಳಗೆ ಬಂದಳು. ಒಂದು ಅಂಕದಿಂದ ಸೋತೆವು. ಸಂಗೀತಾ ಮೂರು ವಾರ ಮನೆಯಲ್ಲಿ ಮಲಗಿದಳು, ಆಮೇಲೆ ಎದ್ದು ಓಡಾಡಿದಳು. ವಾರ್ಷಿಕೋತ್ಸವದಲ್ಲಿ ಅವಳಿಗೂ ಕಪ್ ಬಂತು. ನನ್ನ ಪಾಲಿಗೆ ಆ ವಿಷಯ ಅಲ್ಲಿಗೆ ಮುಗಿದಿತ್ತು.

ಈಗ ಕಳೆದ ವರ್ಷಕ್ಕೆ ಬರುತ್ತೇನೆ. ಇಡೀ ಊರಿನ ಮಕ್ಕಳನ್ನು ಓಡಿಸಿದವನ ಮಂಡಿಯೇ ಸವೆದು, ನನಗೆ ಬಲಗಾಲಿನ ಮಂಡಿ ಬದಲಾಯಿಸುವ ಆಪರೇಷನ್ ಆಯಿತು. ಮನೆಗೆ ಹತ್ತಿರ ಇದ್ದದ್ದು ಇದೇ ಕೇಂದ್ರ. ಬೋರ್ಡಿನಲ್ಲಿ ಮಹಿಳಾ ಎಂದಿತ್ತು. ಹೆಂಗಸರ ಜಾಗಕ್ಕೆ ಹೋಗುವುದೇ ಎಂದು ನಾನು ಹಿಂದೇಟು ಹಾಕಿದೆ. ಬೆಳಿಗ್ಗೆ ಒಂದು ಗಂಟೆ ಹೊತ್ತು ಗಂಡಸರಿಗೂ ಇದೆ ಎಂದು ಸಂಗೀತಾ ವಿಚಾರಿಸಿಕೊಂಡು ಬಂದಳು. ಅವಳಿರುವುದು ಹುಳಿಮಾವಿನಲ್ಲಿ. ಬಿಟಿಎಂ ಲೇಔಟಿನ ಆಫೀಸಿನಲ್ಲಿ ಒಂದೊಂದು ಗಂಟೆ ಅನುಮತಿ ಬೇಡಿ, ಸ್ಕೂಟರಿನಲ್ಲಿ ಚಿಕ್ಕಲಸಂದ್ರಕ್ಕೆ ಬಂದು, ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಕರೆತರುತ್ತಿದ್ದಳು. ನಿಮಗೆಲ್ಲ ಗೊತ್ತಿರುವಂತೆ ಈ ಕೇಂದ್ರ ಇರುವುದು ಮೊದಲನೆಯ ಮಹಡಿಯಲ್ಲಿ. ಮಂಡಿ ನೋವಿನವರ ಆಸ್ಪತ್ರೆಗೆ ಹದಿನಾಲ್ಕು ಮೆಟ್ಟಿಲು. ಯಾಕಮ್ಮ ಹೀಗೆ ಎಂದು ಕೇಳಿದರೆ ಸಮನ್ವಿತಾ, ಮೆಟ್ಟಿಲು ಹತ್ತುವುದನ್ನು ನೋಡಿದರೇ ಅರ್ಧ ಕಾಯಿಲೆ ಗೊತ್ತಾಗುತ್ತದೆ ಎನ್ನುತ್ತಾರೆ.

ಮೂರನೆಯ ಸಲ ಹೋದ ದಿನ ಅವರು ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ನನ್ನನ್ನೇ ನೋಡುತ್ತಿದ್ದಾರೆ ಎಂದು ನಾನು ಎದೆ ಸೆಟೆಸಿ ಹತ್ತಿದೆ. ಭೇಷ್ ಅನ್ನುತ್ತಾರೆ ಎಂದು ಕಾದೆ. ಅವರು ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡಿ, "ಅಂಕಲ್, ನೀವು ಹೋಗಿ ಕೂತ್ಕೊಳಿ. ಅಕ್ಕ, ನೀವು ಇನ್ನೊಂದ್ಸಲ ಇಳಿದು ಹತ್ತಿ" ಎಂದರು. ಸಂಗೀತಾ ನಕ್ಕಳು. ಪೇಷೆಂಟು ನಾನಲ್ಲ, ನಮ್ಮಪ್ಪ ಎಂದಳು. ಸಮನ್ವಿತಾ ನಗಲಿಲ್ಲ. ನನ್ನ ಮಗಳು ನನ್ನ ಕಣ್ಣೆದುರಿಗೇ ಇಳಿದಳು, ಹತ್ತಿದಳು. ಬಲಗಾಲು ಮೇಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಬಲಗಾಲು. ಇಪ್ಪತ್ತೆಂಟು ವರ್ಷದಿಂದ ಅವಳು ಹಾಗೆಯೇ ಹತ್ತುತ್ತಿದ್ದಳು. ಅದು ಅವಳ ನಡಿಗೆ ಎಂದುಕೊಂಡಿದ್ದೆ. ಕಾಲಿನ ಚಲನೆ ನೋಡುವುದೇ ಉದ್ಯೋಗವಾಗಿದ್ದ ಮೇಷ್ಟ್ರು ನಾನು, ಸ್ವಾಮಿ.

ನನ್ನನ್ನು ಮಂಚದ ಮೇಲೆ ಮಲಗಿಸಿ ತೊಡೆಗೆ ಕರೆಂಟಿನ ವೈರು ಅಂಟಿಸಿದರು. ಪಕ್ಕದಲ್ಲಿ ಒಂದು ಹಸಿರು ಪರದೆ, ಪರದೆಯ ಆಚೆ ಸಂಗೀತಾ. ಸಮನ್ವಿತಾ ಒಂದೊಂದೇ ಕೇಳತೊಡಗಿದರು. ಎಷ್ಟು ಹೆರಿಗೆ, ಮುಟ್ಟಿನ ದಿನಗಳಲ್ಲಿ ಮಂಡಿ ಸಡಿಲ ಅನ್ನಿಸುತ್ತದೆಯೇ, ಅಡುಗೆಮನೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ, ನೀರಿನ ಕ್ಯಾನು ಯಾರು ಎತ್ತುತ್ತಾರೆ. ಗಂಡಸಾದ ನಾನು ಕೇಳಬಾರದ ಮಾತುಗಳು ಎಂದು ಎದ್ದು ಹೋಗೋಣವೆಂದರೆ ವೈರು ಅಂಟಿದೆ. ಕಿವಿ ಮುಚ್ಚಿಕೊಳ್ಳೋಣವೆಂದರೆ ಅಷ್ಟು ಹೊತ್ತಿಗೆ ಮುಂದಿನ ಪ್ರಶ್ನೆ ಬಂತು. ಮಂಡಿ ಯಾವಾಗಲಾದರೂ ಇದ್ದಕ್ಕಿದ್ದಂತೆ ಕುಸಿಯುತ್ತದೆಯೇ?

"ಕುಸಿಯುತ್ತೆ. ಹತ್ತನೇ ಕ್ಲಾಸಿಂದಾನೂ ಹಂಗೇ" ಎಂದಳು ನನ್ನ ಮಗಳು. ಆಮೇಲೆ ಎಷ್ಟು ಸಹಜವಾಗಿ ಹೇಳಿದಳು ಗೊತ್ತೇ? "ಬಾಣಂತನಕ್ಕೆ ಅಮ್ಮನ ಮನೆಗೆ ಬಂದಿದ್ನಲ್ಲ, ರೂಮು ಮೇಲ್ಗಡೆ ಇತ್ತು. ಮಗೂನ ಎತ್ಕೊಂಡು ಮೆಟ್ಲು ಇಳಿಯೋಕೆ ಜೀವ ಹೋಗೋದು. ಎಲ್ಲಿ ಕಾಲು ಕುಸಿದು ಬೀಳಿಸಿಬಿಡ್ತೀನೋ ಅಂತ. ಅದಕ್ಕೆ ಮಗೂನ ಮಡಿಲಲ್ಲಿ ಇಟ್ಕೊಂಡು, ಕೂತ್ಕೊಂಡು, ಒಂದೊಂದೇ ಮೆಟ್ಲು ಜಾರ್ಕೊಂಡು ಇಳೀತಿದ್ದೆ."

ಅದು ನನ್ನ ಮನೆ. ನನ್ನ ಮೆಟ್ಟಿಲು. ನನ್ನ ಮೊಮ್ಮಗ. ಅವಳು ಹಾಗೆ ಜಾರಿಕೊಂಡು ಇಳಿಯುತ್ತಿದ್ದ ಹೊತ್ತಿಗೆ ನಾನೆಲ್ಲಿದ್ದೆ? ಮೈದಾನದಲ್ಲಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬೇರೆಯವರ ಮಕ್ಕಳಿಗೆ ಮಂಡಿ ಎತ್ತಿ ಓಡಿ ಎಂದು ಕೂಗುತ್ತಿದ್ದೆ. ವೈರು ಬಿಚ್ಚಲು ಬಂದ ಹುಡುಗಿ ನನ್ನ ಮುಖ ನೋಡಿ, ಕರೆಂಟು ಜಾಸ್ತಿ ಆಯಿತಾ ಅಂಕಲ್ ಎಂದು ಗಾಬರಿಯಾದಳು.

ಮನೆಗೆ ಹೋಗಿ ನನ್ನ ಹೆಂಡತಿ ಮೀನಾಕ್ಷಮ್ಮನವರಿಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ನಂಗೊತ್ತಿತ್ತು" ಎಂದರು. ಮತ್ತೆ ನನಗ್ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಹೇಳಿದ್ರೆ ಏನ್ಮಾಡ್ತಿದ್ರಿ? ವಿಶ್ರಾಂತಿ ತಗೋ ಅಂತಿದ್ರಿ" ಎಂದರು. ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ, ಬೇಕಾದರೆ ಕೇಳಿ. ನಲವತ್ತೈದು ವರ್ಷದ ಸಂಸಾರದಲ್ಲಿ ಅವರು ನನ್ನ ಬಾಯಿ ಮುಚ್ಚಿಸಿದ್ದು ಅದೇ ಮೊದಲು ಎಂದರೆ ನೀವು ನಂಬುವುದಿಲ್ಲ, ಹಿಂದಿನ ಸಾಲಿನ ಮಹನೀಯರ ಮನೆಯಲ್ಲೂ ಹೆಂಡತಿಯರಿದ್ದಾರೆ. ಆದರೆ ಅಷ್ಟು ಗಟ್ಟಿಯಾಗಿ ಮುಚ್ಚಿಸಿದ್ದು ಅದೇ ಮೊದಲು.

ಸ್ಕ್ಯಾನ್ ಆಯಿತು. ಮಂಡಿಯೊಳಗೆ ಮುಂದಿನ ಕಟ್ಟು, ಅಂದರೆ ಲಿಗಮೆಂಟು, ಪೂರ್ತಿ ಹರಿದಿದೆ, ಬಹಳ ಹಳೆಯದು ಎಂದು ಬಂತು. ಅದು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲವಂತೆ. ಓಡಿ ತಟ್ಟನೆ ತಿರುಗುವ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಅದು ಎರಡು ಮೂರು ಪಟ್ಟು ಹೆಚ್ಚು ಹರಿಯುತ್ತದಂತೆ. ಹೇಗೆ ನೆಲಕ್ಕಿಳಿಯಬೇಕು, ತೊಡೆಯ ಹಿಂಭಾಗವನ್ನು ಹೇಗೆ ಗಟ್ಟಿ ಮಾಡಬೇಕು ಎಂದು ಹುಡುಗಿಯರಿಗೆಂದೇ ಕಲಿಸಿದರೆ ಅದರಲ್ಲಿ ಎಷ್ಟೋ ತಪ್ಪಿಸಬಹುದಂತೆ. ದಿನಕ್ಕೆ ಹದಿನೈದು ನಿಮಿಷದ ಕೆಲಸ. ನಾನು ದಿನವೂ ಹದಿನೈದು ನಿಮಿಷ ಅವರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದೆ.

ನಾನು ನನ್ನ ಸಮರ್ಥನೆಗೆ ಇಳಿದೆ. ಸಮನ್ವಿತಾ ಅವರಿಗೆ ನನ್ನ ಕಾಲದ ಕಟ್ಟುಪಾಡು ವಿವರಿಸಿದೆ. ಶಾಮಣ್ಣನವರ ಮಾತು ಹೇಳಿದೆ, ಸೀನುವಿನ ಕಥೆ ಹೇಳಿದೆ. ಹುಡುಗನಿಗಾದರೆ ಮಾಡಬಹುದಿತ್ತಮ್ಮ, ಹುಡುಗಿಯರ ಮಂಡಿಗೆ ಗಂಡು ಮೇಷ್ಟ್ರು ಕೈ ಹಾಕುವುದುಂಟೇ ಎಂದೆ. ಅವರು ತಾಳ್ಮೆಯಿಂದ ಕೇಳಿ ಒಂದು ಪ್ರಶ್ನೆ ಹಾಕಿದರು. "ಸಾರ್, ಮರಳಿನ ಚೀಲ ಕಟ್ಕೊಂಡು ಕಾಲು ಎತ್ತೋಕೆ ನೀವು ಯಾಕೆ ಮುಟ್ಬೇಕು? ಮೆಟ್ಲು ಹತ್ತಿ ಇಳಿಯೋಕೆ ಯಾಕೆ ಮುಟ್ಬೇಕು? ಬಾಯಲ್ಲಿ ಹೇಳಿದ್ರೆ ಸಾಕಿತ್ತಲ್ಲ?"

ಸಭಿಕರೇ, ಹೌದಲ್ಲ? ಸೀನುವಿಗೆ ಮಾಡಿದ್ದರಲ್ಲಿ ಮುಕ್ಕಾಲು ಪಾಲು ದೂರದಲ್ಲಿ ನಿಂತು ಹೇಳುವ ಕೆಲಸ. ಎಣ್ಣೆ ಹಚ್ಚಿ ನೀವುವುದನ್ನು ಹುಡುಗಿಯರ ತಾಯಂದಿರೇ ಮಾಡುತ್ತಿದ್ದರು, ಹೆಂಗಸರು ಅದರಲ್ಲಿ ನಮಗಿಂತ ಜಾಣೆಯರು. ಇನ್ನೊಂದು ಹಳೆಯ ಪ್ಯಾಂಟು ಕತ್ತರಿಸುವುದಕ್ಕೆ ನನಗೆ ಏನು ಅಡ್ಡಿಯಿತ್ತು? ಕಟ್ಟಿಕೊಂಡದ್ದು ಕೈ ಮಾತ್ರವಲ್ಲ, ತಲೆಯನ್ನೂ ಕಟ್ಟಿಕೊಂಡಿದ್ದೆ. ಇನ್ನೂ ಸತ್ಯ ಹೇಳಬೇಕೆಂದರೆ, ಹುಡುಗ ಬಿದ್ದಾಗ ಇವನ ಮುಂದಿನ ಗತಿ ಏನು ಎಂಬ ಚಿಂತೆ ಬರುತ್ತಿತ್ತು. ಹುಡುಗಿ ಬಿದ್ದಾಗ, ಪಾಪ, ಹೇಗೂ ಇನ್ನೆರಡು ವರ್ಷ ಆಡುತ್ತಿದ್ದಳು, ಆಮೇಲೆ ಮದುವೆ, ಎಂದು ಸಮಾಧಾನ ಬರುತ್ತಿತ್ತು. ಅದೇ ಸಮಾಧಾನ ನನ್ನ ಸ್ವಂತ ಮಗಳ ವಿಷಯದಲ್ಲೂ ಬಂದಿತ್ತು. ಇದನ್ನು ಇಷ್ಟು ಜನರ ಎದುರು ಹೇಳುವ ಉದ್ದೇಶ ಇರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಉಳಿದ ಹತ್ತು ಜನರನ್ನು ಹುಡುಕತೊಡಗಿದೆ. ಸೀನುವೇ ಫೋನು ನಂಬರು ಒಟ್ಟುಮಾಡಿಕೊಟ್ಟ. ಇದುವರೆಗೆ ಆರು ಜನ ಸಿಕ್ಕಿದ್ದಾರೆ. ಆರು ಜನರಲ್ಲಿ ಐವರಿಗೆ ಇವತ್ತಿಗೂ ಮಂಡಿ ಕುಸಿಯುತ್ತದೆ. ಶ್ವೇತ ಎಂಬ ಹುಡುಗಿ, ಹುಡುಗಿ ಎನ್ನುತ್ತೇನೆ, ಐವತ್ತರ ಹತ್ತಿರದ ಹೆಂಗಸು, ನನ್ನ ತಂಡದ ಅತ್ಯಂತ ವೇಗದ ಓಟಗಾರ್ತಿಯಾಗಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಫೋನಿನಲ್ಲಿ ಸಂಭ್ರಮಪಟ್ಟಳು. ಕಪ್ ಇನ್ನೂ ಇದೆಯೇನಮ್ಮ ಎಂದು ಕೇಳಿದೆ. "ಇದೆ ಸಾರ್. ನೀವು ಅದನ್ನ ಕೊಟ್ಟಾಗ್ಲೇ ನಂಗೆ ಗೊತ್ತಾಯ್ತು, ನನ್ನ ಆಟ ಮುಗೀತು ಅಂತ" ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಶ್ವೇತ ಈಗ ವಾರಕ್ಕೆ ಎರಡು ದಿನ ಇಲ್ಲಿಗೆ ಬರುತ್ತಾಳೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮರುಳಸಿದ್ದಪ್ಪನವರೇ, ನಿಮ್ಮ ಶ್ರೀಮತಿಯವರ ಭುಜ ಇಲ್ಲೇ ವಾಸಿಯಾದದ್ದು, ಇನ್ನೈದು ನಿಮಿಷ ಸಹಿಸಿಕೊಳ್ಳಿ.

ಸಂಗೀತಾಳಿಗೆ ಆಪರೇಷನ್ ಈಗಲೇ ಬೇಡ, ಸುತ್ತಲಿನ ಸ್ನಾಯು ಗಟ್ಟಿ ಮಾಡಿ ನೋಡೋಣ ಎಂದು ತೀರ್ಮಾನವಾಯಿತು. ನಿಮಗೆ ಏನು ಮಾಡಲು ಸಾಧ್ಯವಾಗಬೇಕು ಎಂದು ಸಮನ್ವಿತಾ ಕೇಳಿದರು. ನಾನು ಹುಡುಗರಿಗೆ ಕೇಳುತ್ತಿದ್ದುದು ಯಾವಾಗ ಆಡಲು ಬರುತ್ತೀಯ ಎಂದು. ನನ್ನ ಮಗಳು ಸ್ವಲ್ಪ ಯೋಚಿಸಿ, ಎರಡು ಕೈಯಲ್ಲೂ ಸಾಮಾನು ಹಿಡಿದುಕೊಂಡು, ಕಂಬಿ ಹಿಡಿಯದೆ, ಮೆಟ್ಟಿಲು ಇಳಿಯಬೇಕು ಎಂದಳು. ಅಷ್ಟೇ ಅವಳು ಕೇಳಿದ್ದು. ಅದಕ್ಕೆ ತಕ್ಕಂತೆ ಅವಳ ವ್ಯಾಯಾಮ ಹೊಲಿದುಕೊಟ್ಟರು. ಹೌದು, ಹೊಲಿದುಕೊಟ್ಟರು ಎಂದೇ ಹೇಳಬೇಕು, ಅಳತೆ ತೆಗೆದು ರವಿಕೆ ಹೊಲಿದ ಹಾಗೆ. ಕುಕ್ಕರು ಮೂರು ಸಲ ಕೂಗುವ ತನಕ ಎಡಗಾಲ ಮೇಲೆ ನಿಲ್ಲುವುದು. ಸೀರೆ ಉಟ್ಟಾಗ ಒಂದು ರೀತಿ, ಚೂಡಿದಾರದಲ್ಲಿ ಇನ್ನೊಂದು ರೀತಿ ಮೆಟ್ಟಿಲ ಅಭ್ಯಾಸ. ತರಕಾರಿ ಚೀಲ ಹಿಡಿದು ಕುರ್ಚಿಯಿಂದ ಏಳುವುದು. ತಿಂಗಳ ಕೆಲವು ದಿನ ಹಗುರ, ಕೆಲವು ದಿನ ಬಿರುಸು. ಬಿಡುವು ಸಿಕ್ಕಾಗ ಮಾಡಿ ಎಂದು ಅವರು ಹೇಳಲೇ ಇಲ್ಲ. ಬಿಡುವು ಸಿಗುವುದಿಲ್ಲ ಎಂದು ಅವರಿಗೆ ಗೊತ್ತು.

ಮೂರನೆಯ ತಿಂಗಳಲ್ಲಿ ಒಂದು ಹೊಸ ವ್ಯಾಯಾಮ ಬಂತು. ದಪ್ಪ ಜಮಖಾನದ ಮೇಲೆ ಮಂಡಿಯೂರಿ ನಿಂತು, ಬೆನ್ನು ನೇರ ಇಟ್ಟುಕೊಂಡು, ಮೆಲ್ಲನೆ ಮುಂದಕ್ಕೆ ಬಾಗುತ್ತಾ ಹೋಗಬೇಕು. ಹಿಂದಿನಿಂದ ಯಾರಾದರೂ ಎರಡೂ ಪಾದದ ಗಂಟನ್ನು ನೆಲಕ್ಕೆ ಅದುಮಿ ಹಿಡಿಯಬೇಕು, ಇಲ್ಲವಾದರೆ ಮುಗ್ಗರಿಸುತ್ತಾರೆ. ಜನ ಇಲ್ಲದಿದ್ದರೆ ಮಂಚದ ಕೆಳಗೆ ಪಾದ ಸಿಕ್ಕಿಸಬಹುದು. ಆದರೆ ಅವಳ ಮನೆಯಲ್ಲಿರುವುದು ಬಾಕ್ಸ್ ಮಂಚ, ಕೆಳಗೆ ಕಡ್ಡಿ ಹೋಗುವಷ್ಟೂ ಸಂದಿಲ್ಲ. ಅಳಿಯಂದಿರು ಆಫೀಸಿನಿಂದ ಬರುವುದು ಎಂಟೂವರೆಗೆ. ಮೊಮ್ಮಗ ಓದುತ್ತಿರುವುದು ಹುಬ್ಬಳ್ಳಿಯಲ್ಲಿ. ನಾನೇ ಬರುತ್ತೇನೆ ಎಂದೆ. ಅವಳು ನಂಬಲಿಲ್ಲ. ವಾರಕ್ಕೆ ಮೂರು ಸಂಜೆ ಆಟೋ ಹಿಡಿದು ಹುಳಿಮಾವಿಗೆ ಹೋಗತೊಡಗಿದೆ. ನನ್ನ ಹೊಸ ಮಂಡಿಗೆ ನೆಲದ ಮೇಲೆ ಕೂರಲು ಬರುವುದಿಲ್ಲ, ಗಿಡ್ಡ ಸ್ಟೂಲಿನ ಮೇಲೆ ಕುಳಿತು ಬಾಗಿ ಹಿಡಿಯುತ್ತೇನೆ. ಮೊದಲ ದಿನ ಅವಳ ಪಾದ ಹಿಡಿದಾಗ ನನಗೇ ವಿಚಿತ್ರವೆನ್ನಿಸಿತು. ಅವಳು ಐದಾರು ವರ್ಷದವಳಿದ್ದಾಗ ಚಪ್ಪಲಿ ಹಾಕಿಸಿದ್ದೇ ಕೊನೆ, ಆಮೇಲೆ ನಾನು ಆ ಪಾದ ಮುಟ್ಟಿರಲಿಲ್ಲ. ಹಿಮ್ಮಡಿ ಒಡೆದಿತ್ತು.

ಆ ವ್ಯಾಯಾಮದಲ್ಲಿ ಮಾಡುವವರ ಬೆನ್ನು ಹಿಡಿಯುವವರ ಕಡೆಗಿರುತ್ತದೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕಾಣದೆ ಇದ್ದದ್ದರಿಂದಲೇ ಇರಬೇಕು, ಹೋದ ತಿಂಗಳು ಒಂದು ಸಂಜೆ, ಆರನೆಯದೋ ಏಳನೆಯದೋ ಸಲ ಬಾಗಿ ಎದ್ದು, ಏದುಸಿರು ಬಿಡುತ್ತಾ ಅವಳು ಗೋಡೆಯ ಕಡೆಗೆ ನೋಡಿಕೊಂಡು ಮಾತಾಡಿದಳು.

"ಅಪ್ಪ, ಅವತ್ತು ಕಂಬದ ಹತ್ರ ಬಿದ್ದಾಗ ನಿನ್ನನ್ನ ಸಾರ್ ಅನ್ಲಿಲ್ಲ ನಾನು. ಅಪ್ಪ ಅಂತ ಕೂಗಿ ಕೈ ಚಾಚಿದೆ. ನೀನು ನೋಡ್ದೆ. ನೋಡಿ ಸೀಟಿ ಊದ್ದೆ."

ನಾನು ಹಿಡಿದ ಪಾದವನ್ನು ಬಿಡಲಿಲ್ಲ. ಬಿಟ್ಟರೆ ಅವಳು ಬೀಳುತ್ತಿದ್ದಳು.

ಅವಳು ಮುಂದುವರಿಸಿದಳು. ಮ್ಯಾಚು ಸೋತದ್ದು ತನ್ನಿಂದ, ಆ ಸಿಟ್ಟಿಗೇ ಅಪ್ಪ ತನ್ನ ಕೈ ಹಿಡಿಯಲಿಲ್ಲ ಎಂದು ಅವಳು ಇಷ್ಟು ವರ್ಷವೂ ತಿಳಿದುಕೊಂಡಿದ್ದಳಂತೆ. ಮಂಡಿ ಕುಸಿದಾಗಲೆಲ್ಲ ಅದೇ ನೆನಪಾಗುತ್ತಿತ್ತಂತೆ. ಅದಕ್ಕೇ ನನಗೆ ಹೇಳಲಿಲ್ಲವಂತೆ. ಹೇಳಿದರೆ ಸೋತ ಮಾತು ಮತ್ತೆ ಬರುತ್ತದೆ ಎಂದು.

ಸಿಟ್ಟೇ? ನನಗೆ ಸಿಟ್ಟು ಬಂದಿರಲಿಲ್ಲ ತಾಯಂದಿರೇ. ಬೆನ್ನ ಹಿಂದೆ ಕಟ್ಟಿದ ಕೈಯನ್ನು ಅವತ್ತು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದೆನೆಂದರೆ ಉಗುರು ಚರ್ಮಕ್ಕೆ ಇಳಿದಿತ್ತು. ಮಗಳ ಮನಸ್ಸಿನಲ್ಲಿದ್ದ ಆ ಮುಳ್ಳನ್ನು ಕೂಡಲೇ ತೆಗೆದುಬಿಡಬೇಕು ಎಂದು ಆತುರಾತುರವಾಗಿ ಹೇಳಿದೆ. "ಅಯ್ಯೋ ಇಲ್ಲ ಕಣಮ್ಮ, ಸೋತಿದ್ದಕ್ಕಲ್ಲ. ನೀನು ಹುಡುಗಿ ಅಂತ."

ಅವಳು ಇನ್ನೊಂದು ಸಲ ಮೆಲ್ಲನೆ ಬಾಗಿ ಎದ್ದಳು. ನನ್ನ ಉತ್ತರದಿಂದ ಅವಳಿಗೆ ನೆಮ್ಮದಿಯಾಯಿತೇನೋ ಎಂದು ನಾನು ಒಳಗೊಳಗೇ ಹಗುರವಾಗುತ್ತಿದ್ದೆ. ಆಮೇಲೆ ಅವಳು ಗೋಡೆಯ ಕಡೆಯಿಂದ ಮುಖ ತಿರುಗಿಸದೆ ಹೇಳಿದಳು.

"ಸೋತಿದ್ದಕ್ಕೆ ಅಂತ ಇದ್ದಿದ್ರೇ ಚೆನ್ನಾಗಿತ್ತಪ್ಪ."

ಅಧ್ಯಕ್ಷರೇ, ಆ ವಾಕ್ಯವನ್ನು ಹೊಡೆದುಹಾಕಿದಿರಿ ತಾನೇ? ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನನ್ನ ವಂದನೆಗಳು. ನಮಸ್ಕಾರ.